ಮುಳುಗಡೆಯಾದ ಮನೆಯನ್ನು ಮಿಶ್ರ ಮಾಧ್ಯಮದಲ್ಲಿ ಮಾಡ್ತಾ ಇದ್ದೀನಿ, ಸಲಹೆ ಬೇಕು

ಹಿನ್ನೀರಿನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿನ ಚರ್ಚೆಗಳನ್ನು ಬಹಳ ದಿನದಿಂದ ಓದ್ತಾ ಇದ್ದೀನಿ, ಬರೀತಿರೋದು ಮೊದಲ ಸಲ.

ನಮ್ಮ ಅಜ್ಜಿಯ ತವರು ಸಾಗರ ತಾಲ್ಲೂಕಿನ ಕರೂರು ಹೋಬಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ಅಡಿಕೆ ತೋಟ, ಗದ್ದೆ ಎಲ್ಲವೂ ಶರಾವತಿ ಹಿನ್ನೀರಿನ ಅಡಿಗೆ ಹೋದವು. ಆಗ ಅಜ್ಜಿಗೆ ಹದಿನಾಲ್ಕು ವರ್ಷ. ಮನೆಯವರು ಕಂಬ, ಬಾಗಿಲು, ಹೆಂಚು ಕಳಚಿ ಗಾಡಿಯಲ್ಲಿ ಹೇರಿಕೊಂಡು ಬಂದು ಹೊಸನಗರದ ಕಡೆ ಇನ್ನೊಂದು ಮನೆ ಕಟ್ಟಿದರು. ಆ ಮನೆ ಈಗಲೂ ಇದೆ, ಅಜ್ಜಿಯ ತಮ್ಮ ಅಲ್ಲಿದ್ದಾರೆ.

ನಾನು ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡ್ತೀನಿ, ಜೊತೆಗೆ ಕೊಲಾಜ್ (ಕಾಗದ, ಬಟ್ಟೆ, ಫೋಟೋ ಚೂರು ಅಂಟಿಸಿ ಮಾಡೋ ಚಿತ್ರ) ಮಾಡ್ತೀನಿ. ಈ ಮುಳುಗಿದ ಮನೆಯ ಮೇಲೆ ಐದು ದೊಡ್ಡ ಫಲಕಗಳ ಒಂದು ಸರಣಿ ಮಾಡಬೇಕು ಅಂತ ಹಟ ಹಿಡಿದು ಕೂತಿದ್ದೀನಿ. ಕೈಯಲ್ಲಿರೋದು ಇಷ್ಟು: ಬೂಸಲು ಹಿಡಿದ ಒಂದು ಮದುವೆ ಫೋಟೋ, ಪರಿಹಾರಕ್ಕೆ ಸಂಬಂಧಿಸಿದ ಒಂದು ನೋಟಿಸು (ಮಡಿಕೆಯ ಜಾಗದಲ್ಲಿ ಹರಿದಿದೆ), ಅಡಿಕೆ ಲೆಕ್ಕದ ಪುಸ್ತಕ, ಮುತ್ತಜ್ಜಿಯ ಸೀರೆಯ ಸೆರಗು.

ಪ್ಲೈವುಡ್ ಮೇಲೆ ಕೈಕಾಗದ ಅಂಟಿಸಿ, ಚಹಾ ನೀರಿನಲ್ಲಿ ಅದ್ದಿ ಹಳೇ ಬಣ್ಣ ಬರಿಸಿ, ಫೋಟೋವನ್ನು ಟ್ರಾನ್ಸ್‌ಫರ್ ಮಾಡಿ, ನೋಟಿಸನ್ನು ಹರಿದು ಅಂಟಿಸಿ, ಅಂಚಿಗೆ ನಮ್ಮ ಕಡೆಯ ಹಸೆ ಚಿತ್ತಾರ ಬರೆಯೋದು ಅಂತ ಅಂದುಕೊಂಡಿದ್ದೀನಿ. ನಾನು ಆ ಮನೆಯನ್ನು ನೋಡೇ ಇಲ್ಲ. ನೋಡದ ಮನೆಯ ನೆನಪನ್ನು ಮಾಡೋಕೆ ನನಗೆ ಹಕ್ಕಿದೆಯಾ ಅನ್ನೋದು ಒಂದು ಪ್ರಶ್ನೆ. ಸಾಮಗ್ರಿ ಬಗ್ಗೆ, ಅಂಟಿನ ಬಗ್ಗೆ ಸಲಹೆ ಬೇಕು ಅನ್ನೋದು ಇನ್ನೊಂದು.

ಡ್ರಾಯಿಂಗ್ ಮೇಷ್ಟ್ರು

ತಂಗೀ, ಹಕ್ಕಿನ ಪ್ರಶ್ನೆ ಆಮೇಲೆ ನೋಡೋಣ. ಮೊದಲು ಚಹಾ ನೀರನ್ನು ಬಿಡು. ನಲವತ್ತೈವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದವನಾಗಿ ಹೇಳ್ತೀನಿ, ಹೊಸ ಕಾಗದಕ್ಕೆ ಹಳೇ ಬಣ್ಣ ಕೊಟ್ಟರೆ ಅದು ಮದುವೆ ಆಮಂತ್ರಣ ಪತ್ರಿಕೆ ಆಗುತ್ತೆ. ನಿನ್ನ ಅಜ್ಜಿಯ ಮನೆ ಇದ್ದ ಕಾಲಕ್ಕೆ ಅದು ಹಳೇದಾಗಿರಲಿಲ್ಲ. ಜನ ಉಂಡು ಮಲಗಿ ಜಗಳ ಆಡ್ತಿದ್ದ ಮನೆ ಅದು.

ಅಜ್ಜಿಯ ಕೈಗೆ ಒಂದು ಪೆನ್ಸಿಲು, ಒಂದು ದೊಡ್ಡ ಹಾಳೆ ಕೊಟ್ಟು ಮನೆಯ ನಕ್ಷೆ ಬರೆಸು. ಅಳತೆ ಸರಿ ಇರಬೇಕಾಗಿಲ್ಲ, ನೀನು ನಡುವೆ ಮಾತಾಡಬೇಡ, ತಿದ್ದಬೇಡ. ಯಾವ ಕೋಣೆ ಮೊದಲು ಬರೀತಾರೆ, ಯಾವುದನ್ನು ದೊಡ್ಡದು ಮಾಡ್ತಾರೆ, ಯಾವುದನ್ನು ಬಿಡ್ತಾರೆ ನೋಡ್ಕೋ.

ಜರೀನಾ ಹಾಶ್ಮಿ ಅವರ ಕೆಲಸ ನೋಡಿದ್ದೀಯಾ? 1937ರಲ್ಲಿ ಅಲಿಗಢದಲ್ಲಿ ಹುಟ್ಟಿದವರು, ಬಾಳಿನ ಬಹುಭಾಗ ಹೊರದೇಶಗಳಲ್ಲಿ ಕಳೆದವರು, 2020ರಲ್ಲಿ ತೀರಿಕೊಂಡರು. ದೇಶ ವಿಭಜನೆಯ ನಂತರ ಅವರ ಮನೆಯವರು ಪಾಕಿಸ್ತಾನಕ್ಕೆ ಹೋದರು, ಅಲಿಗಢದ ಮನೆ ನೆನಪಾಗಿ ಉಳೀತು. ಅಪ್ಪನ ಮನೆಯ ನೆಲನಕ್ಷೆಯನ್ನೇ ಅವರು ಅಚ್ಚು ಮಾಡಿದರು. ಒಂದೂ ಮುಖ ಇಲ್ಲ, ಒಂದೂ ಫೋಟೋ ಇಲ್ಲ, ಬರೀ ಗೋಡೆಯ ಗೆರೆಗಳು, ಕೋಣೆಗಳ ಹೆಸರು. 1999ರಲ್ಲಿ 36 ಮರದಚ್ಚುಗಳ ಒಂದು ಸರಣಿ ಮಾಡಿದರು, ಹೊಸಿಲು, ಅಂಗಳ, ಗೋಡೆ ಇಂಥ ಒಂದೊಂದು ಉರ್ದು ಮಾತಿಗೆ ಒಂದೊಂದು ಚಿತ್ರ. 2004ರ ಇನ್ನೊಂದು ಸರಣಿಯಲ್ಲಿ ಕರಾಚಿಯಲ್ಲಿದ್ದ ಅಕ್ಕ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಪತ್ರಗಳ ಮೇಲೆಯೇ ಮನೆಯ, ಊರಿನ ನಕ್ಷೆಗಳನ್ನು ಅಚ್ಚೊತ್ತಿದರು. ಅಪ್ಪ ಅಮ್ಮ ತೀರಿಕೊಂಡ ಸುದ್ದಿ, ಮನೆ ಮಾರಿದ ಸುದ್ದಿ ಇದ್ದ ಪತ್ರಗಳು ಅವು. ಅಕ್ಷರದ ಮೇಲೆ ಗೆರೆ ಕೂತಾಗ ಎರಡೂ ಪೂರ್ತಿ ಓದೋಕೆ ಬರಲ್ಲ. ಆ ಅರೆಬರೆ ಕಾಣೋದರಲ್ಲೇ ಆ ಕೆಲಸದ ಜೀವ ಇರೋದು.

ನಿನ್ನ ಅಡಿಕೆ ಲೆಕ್ಕದ ಪುಸ್ತಕ ಅಂಥ ಪತ್ರಕ್ಕೆ ಸಮ. ಅದನ್ನು ಬಳಸು.

ಕಾಗದದ ಕೆಲಸ

ಬಳಸಿ, ಆದರೆ ಮೂಲ ಪ್ರತಿಯನ್ನಲ್ಲ! ನಾನು ಹಳೇ ಪುಸ್ತಕ, ಕಾಗದಪತ್ರಗಳ ಸಂರಕ್ಷಣೆ ಮಾಡೋಳು. "ನೋಟಿಸನ್ನು ಹರಿದು ಅಂಟಿಸಿ" ಅಂತ ಓದಿ ಎದೆ ಧಸಕ್ ಅಂತು. ಮುಳುಗಡೆ ಕುಟುಂಬಗಳ ಜಮೀನಿನ ಹಕ್ಕಿನ ವಿಚಾರ ಎಷ್ಟೋ ಕಡೆ ಇನ್ನೂ ಇತ್ಯರ್ಥ ಆಗಿಲ್ಲ, ಆ ಕಾಗದ ನಾಳೆ ನಿಮ್ಮ ಮನೆಯವರಿಗೇ ಬೇಕಾಗಬಹುದು. ಎಲ್ಲವನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಎರಡು ಕಡೆ ಉಳಿಸಿಡಿ, ಮೂಲವನ್ನು ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಮಡಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಫೋಟೋ ಟ್ರಾನ್ಸ್‌ಫರ್‌ಗೆ ಲೇಸರ್ ಪ್ರಿಂಟ್ ತೆಗೆಸಿ, ಇಂಕ್‌ಜೆಟ್ ಆದರೆ ನೀರು ತಾಗಿದ ಕೂಡಲೇ ಬಣ್ಣ ಹರಿಯುತ್ತೆ. ಚಿತ್ರ ತಿರುಗುಮುರುಗಾಗಿ ಬರೋದರಿಂದ ಕಂಪ್ಯೂಟರಿನಲ್ಲೇ ಕನ್ನಡಿ ಪ್ರತಿ ಮಾಡಿಕೊಳ್ಳಿ. ಅಕ್ರಿಲಿಕ್ ಮೀಡಿಯಂ ಹಚ್ಚಿ, ಪ್ರಿಂಟನ್ನು ಮುಖ ಕೆಳಗೆ ಮಾಡಿ ಅಂಟಿಸಿ, ಪೂರ್ತಿ ಒಣಗಲು ಒಂದು ರಾತ್ರಿ ಬಿಡಿ. ಆಮೇಲೆ ಒದ್ದೆ ಬೆರಳಿನಿಂದ ಹಿಂಬದಿಯ ಕಾಗದವನ್ನು ಮೆಲ್ಲಗೆ ಉಜ್ಜಿ ತೆಗೀರಿ. ಅಲ್ಲಲ್ಲಿ ಕಿತ್ತು ಬರುತ್ತೆ, ಅದಕ್ಕೆ ಬೇಜಾರು ಬೇಡ.

ಅಂಟಿನ ವಿಚಾರ. ಫೆವಿಕಾಲ್ ಹಾಕಿದರೆ ಮುಂದೆ ಬಿಡಿಸೋಕೆ ಆಗಲ್ಲ. ಕಾಗದಕ್ಕೆ ಕಾಗದ ಅಂಟಿಸೋಕೆ ಗೋಧಿ ಪಿಷ್ಟದ ಗಂಜಿ ಸಾಕು, ನೀರು ಹಚ್ಚಿದರೆ ಬಿಡುತ್ತೆ. ಹುಳ ಬರದಿರಲಿ ಅಂತ ಗಂಜಿಗೆ ಮೈಲುತುತ್ತ ಹಾಕೋದು ನಮ್ಮಲ್ಲಿ ಹಳೇ ಬೈಂಡರುಗಳ ರೂಢಿ. ಹುಳ ಬರಲ್ಲ ನಿಜ, ಆದರೆ ತಾಮ್ರದ ಅಂಶ ಕಾಲಕ್ರಮೇಣ ಕಾಗದವನ್ನೇ ತಿನ್ನುತ್ತೆ. ಹಾಕಬೇಡಿ.

ಬಾಗಲಕೋಟಿ ಮಂದಿ

ಅಕ್ಕಾರ, ನಿಮ್ಮ ಬರವಣಿಗಿ ಓದಿ ಕಣ್ಣಾಗ ನೀರು ಬಂತ್ರಿ. ನಮ್ದೂ ಅದ ಕತಿ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟಿ ಅರ್ಧಕ್ಕರ್ಧ ಹೋತು, ನಾವು ನವನಗರಕ್ಕ ಬಂದ್ವಿ. ನವನಗರದಾಗ ಎಲ್ಲಾ ಸೆಕ್ಟರ್ ನಂಬರ್ ಮ್ಯಾಲ ಐತಿ. ಹಳೇ ಊರಾಗ "ಎಲ್ಲಿ ಮನಿ" ಅಂದ್ರ ಓಣಿ ಹೆಸರು, ಮನೆತನದ ಹೆಸರು ಹೇಳ್ತಿದ್ವಿ. ಈಗ ಸೆಕ್ಟರ್ ಹೇಳ್ತೀವಿ. ಅಣೆಕಟ್ಟಿನ ಎತ್ತರ 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಸೂ ಮಾತು ನಡದಾವು, ಏರಿದ್ರ ಇನ್ನಷ್ಟು ಊರು ಮುಳುಗ್ತಾವ. ಹಂಗಾಗಿ ಇದು ನಮಗ ಮುಗದ ಹೋದ ನೆನಪಲ್ಲರಿ, ಈಗೂ ನಡದಿರೂದು.

ಮಿಶ್ರ ಮಾಧ್ಯಮ ಅಂತೀರಲ್ಲ, ನಮ್ಮವ್ವ ಅದನ್ನ ಹೆಸರಿಲ್ಲದ ಮಾಡ್ಯಾಳ. ಮನಿ ಬಿಟ್ಟ ಮ್ಯಾಲ ಒಂದು ಕೌದಿ ಹೊಲದ್ಲು. ಆಯಿದು ಇಳಕಲ್ ಸೀರಿ, ಅಪ್ಪನ ಧೋತರ, ಗುಳೇದಗುಡ್ಡ ಖಣದ ತುಂಡು, ಪಡಸಾಲಿ ಬಾಗಲಕ್ಕ ಕಟ್ಟಿದ್ದ ಪರದೆ, ತಂಗಿಯ ಸಾಲಿ ಯೂನಿಫಾರ್ಮು ಎಲ್ಲಾ ಅದರಾಗ ಅದಾವ. ಅಂಚಿನಿಂದ ಸುರು ಮಾಡಿ ಸುತ್ತ ಹೊಲಕೋತ ಒಳಗ ಬರೂದು ಆಕಿ ಪದ್ಧತಿ. ಒಂದು ಕಡೆ ಬಿಳಿ ದಾರ ಮುಗದು ಹಸರ ದಾರ ಹಾಕ್ಯಾಳ. ಯಾಕ ಅಂತ ಕೇಳಿದ್ರ, "ಆ ವಾರ ನಿಮ್ಮ ಕಾಕಾ ಸಾಮಾನು ಸಾಗಿಸಾಕ ಹ್ವಾದಾಗ ಅಂಗಡಿ ಬಂದ್ ಇತ್ತು, ಮನ್ಯಾಗ ಇದ್ದ ದಾರ ತಗೊಂಡೆ" ಅಂದ್ಲು. ಕೌದ್ಯಾಗ ಆ ವಾರ ಕುಂತೈತಿ ನೋಡ್ರಿ.

ಸೆರಗನ್ನ ಕತ್ತರಸೂದಾದ್ರ ಒಂದು ಮಾತು. ಅವ್ವನ ಕೈಲೆ, ಇಲ್ಲಾ ಅಜ್ಜಿ ಕೈಲೆ ಹೊಲಸ್ರಿ. ನಿಮ್ಮ ಹೊಲಿಗಿ ಚಂದ ಇರಬಹುದು, ಅವರ ಹೊಲಿಗಿ ಬ್ಯಾರೆ.

ಚಿತ್ತಾರದ ಮನೆ

ನಾನೂ ಅದೇ ಕಡೆಯವಳು, ಚಿತ್ತಾರ ಬರೆಯೋ ದೀವರ ಸಮುದಾಯದ ಮನೆ ಹುಡುಗಿ. ಸ್ವಲ್ಪ ಖಾರವಾಗಿ ಬರೀತೀನಿ, ತಪ್ಪು ತಿಳೀಬೇಡಿ ಅಕ್ಕ.

ಮೊದಲನೇದು ಚಿತ್ತಾರ. ಅದು ಅಂಚಿಗೆ ಹಾಕೋ ಬಾರ್ಡರ್ ಅಲ್ಲ. ಮದುವೆ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಹೆಂಗಸರು ಕೂತು ಬರೆಯೋದು. ಪುಂಡಿ ನಾರಿನ ಕುಂಚ, ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬರೆಯೋವಾಗ ಹಾಡು ಇರುತ್ತೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಹಚ್ಚಿ ಅದರ ಮೇಲೂ ಬರೀತೀವಿ, ಗದ್ದೆಗೆ ಎಡೆ ಹೊತ್ತುಕೊಂಡು ಹೋಗೋದು ಅದರಲ್ಲೇ. ಎಲ್ಲಾ ಕಡೆ ಈಗ ಅದನ್ನು ಅಕ್ರಿಲಿಕ್‌ನಲ್ಲಿ ಹೋಟೆಲ್ ಗೋಡೆಗೆ ಬರೀತಾರೆ. ಬೇಕಾದರೆ ನಮ್ಮ ಅತ್ತೆಯಂದಿರ ಹತ್ತಿರ ಕೂತು ಕಲೀರಿ, ಅವರ ಹೆಸರು ಹಾಕಿ, ದುಡ್ಡು ಕೊಡಿ.

ಎರಡನೇದು ದೊಡ್ಡದು. ನೀವು "ಅಜ್ಜಿಯ ಮನೆ, ತೋಟ, ಗದ್ದೆ" ಅಂತ ಬರೆದಿದ್ದೀರಿ. ಅಡಿಕೆ ಲೆಕ್ಕದ ಪುಸ್ತಕ ಇದೆ ಅಂದರೆ ಜಮೀನಿದ್ದ ಮನೆ. ನಮ್ಮಜ್ಜ ಅದೇ ಸೀಮೆಯಲ್ಲಿ ಗೇಣಿಗೆ ಗದ್ದೆ ಮಾಡ್ತಿದ್ದವರು. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಅದೇ ಸಾಗರ ತಾಲ್ಲೂಕಿನಲ್ಲಿ, ಗೇಣಿ ಭತ್ತ ಅಳೆಯೋ ಕೊಳಗದ ಜಗಳದಿಂದ. ಹದಿಮೂರು ವರ್ಷಕ್ಕೆ ನೀರು ಬಂತು. ಪರಿಹಾರದ ದುಡ್ಡು ಜಮೀನು ಯಾರ ಹೆಸರಲ್ಲಿತ್ತೋ ಅವರಿಗೆ ಹೋಯ್ತು. ನಮ್ಮವರು ಹೊತ್ತು ತರೋಕೆ ಕಂಬ, ಹೆಂಚು ಇರಲಿಲ್ಲ, ಅಡಿಕೆ ಸೋಗೆ (ಗರಿ) ಹೊದಿಸಿದ ಮನೆ. ಅದನ್ನು ಹಾಗೇ ಬಿಟ್ಟು ಬಂದರು. ಫೋಟೋ ಇಲ್ಲ, ನೋಟಿಸು ಇಲ್ಲ. ನಮ್ಮಂಥವರ ಮುಳುಗಿದ ಮನೆಯನ್ನು ಯಾವ ಕಾಗದದಿಂದ ಕೊಲಾಜ್ ಮಾಡೋದು?

ಹಕ್ಕಿದೆಯಾ ಅಂತ ಕೇಳಿದ್ದೀರಿ. ಅಜ್ಜಿಯ ನೆನಪಿಗೆ ಮೊಮ್ಮಗಳಿಗೆ ಹಕ್ಕು ಇದ್ದೇ ಇದೆ. ಆದರೆ ಆ ಮನೆಯ ಅಂಗಳದಲ್ಲಿ ನಿಂತ ಬೇರೆಯವರ ನೆನಪನ್ನೂ ಕೇಳಿ.

ಹಿನ್ನೀರಿನ ಮೊಮ್ಮಗಳು

ಚಿತ್ತಾರದ ಮನೆಯವರೇ, ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ. ಅಜ್ಜಿಯ ಮನೆಯ ಗದ್ದೆ ಗೇಣಿಗೆ ಮಾಡ್ತಿದ್ದ ಕುಟುಂಬದ ಒಬ್ಬ ಹಿರಿಯರು ಈಗಲೂ ಹಿನ್ನೀರಿನ ಆಚೆ ದಡದಲ್ಲಿದ್ದಾರಂತೆ, ಅಜ್ಜಿಗಿಂತ ದೊಡ್ಡವರು. ಮುಂದಿನ ರಜೆಗೆ ಹೋಗ್ತೀನಿ. ಚಿತ್ತಾರದ ಅಂಚನ್ನು ಯೋಜನೆಯಿಂದ ತೆಗೆದಿದ್ದೀನಿ. ನಿಮ್ಮ ಅತ್ತೆಯವರು ಒಪ್ಪಿದರೆ ಕಲಿಯೋಕೆ ಬರ್ತೀನಿ, ಅದು ಬೇರೆ ಮಾತು.

ಚಹಾನೂ ಇಲ್ಲ ಮೇಷ್ಟ್ರೇ.

ಅಡಿಕೆ ತೋಟದವ

ಬಣ್ಣ ಬೇಕಾದರೆ ಚೊಗರು ಇದೆಯಲ್ಲ ತಂಗಿ. ಎಳೇ ಅಡಿಕೆ ಸುಲಿದು ಬೇಯಿಸಿದ ನೀರು, ಕೆಂಪು ಕಂದು. ಅದನ್ನು ಕುದಿಸಿ ಗಟ್ಟಿ ಮಾಡಿ ಇಟ್ಟುಕೊಂಡು ಮುಂದಿನ ಅಡಿಕೆಗೆ ಬಣ್ಣ ಕಟ್ಟೋಕೆ ಬಳಸ್ತೀವಿ. ಬಟ್ಟೆಗೆ ಬಿದ್ದರೆ ಹೋಗೋದೇ ಇಲ್ಲ, ಸುಲಿಯೋ ಹೆಂಗಸರ ಕೈ ನೋಡಿ ಗೊತ್ತಾಗುತ್ತೆ. ಹೆಗ್ಗೋಡಿನ ಚರಕ ಅನ್ನೋ ಕೈಮಗ್ಗದ ಸಂಸ್ಥೆಯವರು ಕೈಮಗ್ಗದ ಬಟ್ಟೆಗೂ ಚೊಗರಿನ ಬಣ್ಣ ಹಾಕ್ತಾರೆ. ಕಬ್ಬಿಣದ ಪಾತ್ರೆಯಲ್ಲಿಟ್ಟರೆ ಕಪ್ಪಗಾಗುತ್ತೆ. ಕೊಯ್ಲಿನ ಕಾಲಕ್ಕೆ ಬಂದರೆ ಕೊಡಪಾನದಲ್ಲಿ ತುಂಬಿ ಕೊಡ್ತೀನಿ.

ಕಾಗದದ ಕೆಲಸ

ಚೊಗರು ಒಳ್ಳೇ ಸಲಹೆ. ಬಟ್ಟೆಗೆ ಹಾಕಿ, ಕಾಗದಕ್ಕೆ ಬೇಡ. ಕಬ್ಬಿಣ ಸೇರಿಸಿ ಮಾಡಿದ ಕಪ್ಪು ನಿಧಾನಕ್ಕೆ ನಾರನ್ನು ಸುಡುತ್ತೆ, ಹಳೇ ಶಾಯಿ ಕಾಗದವನ್ನು ತೂತು ಮಾಡೋ ಹಾಗೆ. ಕಪ್ಪು ಬೇಕೇ ಬೇಕು ಅಂದರೆ ಸುಟ್ಟ ಅಕ್ಕಿಯ ಕಪ್ಪೇ ಕ್ಷೇಮ.

ಎಡಿಸನ್ ಕನ್ನಡತಿ

ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಮೈಸೂರಿನಲ್ಲಿದ್ದ ನಮ್ಮ ಮನೆಯನ್ನು ಅಣ್ಣ ತಮ್ಮಂದಿರು ಮಾರಿದರು, ಅಲ್ಲೀಗ ಅಪಾರ್ಟ್‌ಮೆಂಟ್ ಇದೆ. ಮುಳುಗಡೆಯ ನೋವಿನ ಪಕ್ಕ ಇದನ್ನು ಇಡೋಕೆ ನನಗೆ ಮನಸ್ಸಿಲ್ಲ. ನಮಗೆ ದುಡ್ಡು ಬಂತು, ಸಹಿ ನಾವೇ ಹಾಕಿದ್ವಿ.

ಇಲ್ಲಿನ ಮ್ಯೂಸಿಯಂಗಳಲ್ಲಿ ನೋಡಿದ್ದು, ಓದಿದ್ದರಲ್ಲಿ ಎರಡು ವಿಚಾರ ನಿಮಗೆ ಉಪಯೋಗ ಆಗಬಹುದು. 1962ರಲ್ಲಿ ಸೋಲ್‌ನಲ್ಲಿ ಹುಟ್ಟಿದ ದೋ ಹೋ ಸುಹ್ ಅನ್ನೋ ಕಲಾವಿದರು 1999ರಲ್ಲಿ ತಮ್ಮ ತಂದೆಯ ಮನೆಯನ್ನು ಪೂರ್ತಿ ಅಳತೆಯಲ್ಲಿ ತೆಳು ರೇಷ್ಮೆ ಬಟ್ಟೆಯಲ್ಲಿ ಹೊಲಿದರು. ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡು ಊರಿಂದೂರಿಗೆ ಒಯ್ಯಬಹುದಾದ ಮನೆ. ಆಮೇಲೆ ನ್ಯೂಯಾರ್ಕ್‌ನಲ್ಲಿ ತಾವು ಬಾಡಿಗೆಗಿದ್ದ ಮನೆಯ ಗೋಡೆ, ಸ್ವಿಚ್ಚು, ಬಾಗಿಲ ಹಿಡಿಗಳ ಮೇಲೆಲ್ಲ ಕಾಗದ ಹೊದಿಸಿ ಬಣ್ಣದ ಪೆನ್ಸಿಲಿನಿಂದ ಉಜ್ಜಿದರು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ವಲ್ಲ, ಅದೇ ಕೆಲಸ. ನಿಮ್ಮ ಹೊಸನಗರದ ಮನೆಯಲ್ಲಿ ಹಳೇ ಕಂಬ, ಬಾಗಿಲು ಇದೆ ಅಂದಿರಿ. ಅದನ್ನು ಉಜ್ಜಿ ತೆಗೀಬಹುದಲ್ಲ! ಮರಕ್ಕೆ ಏನೂ ಆಗಲ್ಲ.

ಇನ್ನೊಬ್ಬರು ಬೀಜಿಂಗಿನ ಸಾಂಗ್ ದಾಂಗ್. ಅವರ ತಂದೆ 2002ರಲ್ಲಿ ತೀರಿಕೊಂಡ ಮೇಲೆ ತಾಯಿ ದುಃಖದಲ್ಲಿ ಯಾವ ಸಾಮಾನನ್ನೂ ಬಿಸಾಡದೆ ಕೂಡಿಟ್ಟುಕೊಂಡು ಕೂತರು. ಮಗ ಅದೆಲ್ಲವನ್ನೂ, ಖಾಲಿ ಸೋಪಿನ ಡಬ್ಬಿ, ಬಾಟಲಿ ಮುಚ್ಚಳ, ಬಟ್ಟೆ ಚೂರು, ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು 2005ರಲ್ಲಿ ಸಾಲಾಗಿ ಜೋಡಿಸಿಟ್ಟು ಪ್ರದರ್ಶನ ಮಾಡಿದರು. ಜೋಡಿಸಿದ್ದು ತಾಯಿಯೇ. ಬಂದವರ ಜೊತೆ ಕೂತು ಮಾತಾಡಿದ್ದೂ ಅವರೇ. ಅಜ್ಜಿಯನ್ನು ವಿಷಯ ಮಾಡಬೇಡಿ, ಜೊತೆ ಕೆಲಸಗಾರ್ತಿ ಮಾಡಿಕೊಳ್ಳಿ ಅಂತ ನನ್ನ ಆಸೆ.

ಸುಮ್ಮನೆ ಓದುವವ

ಕ್ಷಮಿಸಿ, ಒಂದು ಸಂದೇಹ. ನಕ್ಷೆ ಬರೆಸೋದು, ಕಂಬ ಉಜ್ಜೋದು, ಹಿರಿಯರನ್ನು ಮಾತಾಡಿಸೋದು, ಇದೆಲ್ಲ ದಾಖಲೆ ಕೆಲಸ ಅಲ್ಲವಾ? ಕಲೆ ಎಲ್ಲಿ ಬಂತು?

ಡ್ರಾಯಿಂಗ್ ಮೇಷ್ಟ್ರು

ಒಳ್ಳೇ ಪ್ರಶ್ನೆ. ದಾಖಲೆ ಅಂದರೆ ಇಂಥ ಮನೆ, ಇಂಥ ಸರ್ವೆ ನಂಬರು, ಇಂತಿಷ್ಟು ಅಂಕಣ ಅಂತ ಹೇಳಿ ಮುಗಿಸುತ್ತೆ. ಕಲಾವಿದೆ ಆರಿಸಬೇಕು, ಯಾವುದರ ಮೇಲೆ ಯಾವುದು ಕೂರಬೇಕು, ಯಾವುದು ಮುಚ್ಚಿಹೋಗಬೇಕು, ಎಷ್ಟು ಜಾಗ ಖಾಲಿ ಇರಬೇಕು ಅಂತ.

ಲಂಡನ್ನಿನಲ್ಲಿ 1993ರಲ್ಲಿ ರೇಚಲ್ ವೈಟ್‌ರೀಡ್ ಅನ್ನೋ ಕಲಾವಿದೆ ಕೆಡವಬೇಕಿದ್ದ ಒಂದು ಮನೆಯ ಒಳಗೆಲ್ಲ ಕಾಂಕ್ರೀಟು ಹಾಕಿ, ಆಮೇಲೆ ಹೊರಗಿನ ಇಟ್ಟಿಗೆ ಗೋಡೆ ಬಿಡಿಸಿದರು. ಉಳಿದದ್ದು ಮನೆಯೊಳಗಿನ ಗಾಳಿಯ ಆಕಾರ. ಒಲೆಯ ಗೂಡು ಹೊರಚಾಚಿ ನಿಂತಿತ್ತು, ಕಿಟಕಿ ಉಬ್ಬಿ ನಿಂತಿತ್ತು. ಅದನ್ನೂ 1994ರ ಜನವರಿಯಲ್ಲಿ ಕೆಡವಿದರು. ಅಳತೆ ಕರಾರುವಾಕ್ಕು, ಆದರೆ ಅದನ್ನು ದಾಖಲೆ ಅನ್ನೋಕೆ ಆಗುತ್ತಾ?

ನಮ್ಮವರೇ ಆದ ಶೀಲಾ ಗೌಡ ಇದ್ದಾರೆ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಸಗಣಿ, ಕುಂಕುಮ, ಡಾಂಬರಿನ ಡ್ರಮ್ಮು, ಗಾಡಿಗೆ ದೃಷ್ಟಿ ಆಗದಿರಲಿ ಅಂತ ಕಟ್ಟೋ ಕೂದಲ ಹಗ್ಗ, ಇವೇ ಅವರ ಸಾಮಗ್ರಿ. 1998ರ ಒಂದು ಕೆಲಸದಲ್ಲಿ ಉದ್ದುದ್ದ ನೂಲನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ, ಗೋಂದು ಹಚ್ಚಿ ಹಗ್ಗ ಮಾಡಿದ್ದಾರೆ. ಸೂಜಿಗಳು ತುದಿಯಲ್ಲಿ ಹಾಗೇ ತೂಗಾಡ್ತಾವೆ. ಆ ವಸ್ತುಗಳು ಬೇರೆ ಕಡೆ ದುಡಿದು ಬಂದವು, ಅವರು ಆ ದುಡಿಮೆಯನ್ನು ಅಳಿಸಲ್ಲ. ಈ ಮಗು ಚೊಗರು ಬಳಸಿದರೆ ಅದು ಬರೀ ಕಂದು ಬಣ್ಣ ಅಲ್ಲ, ಅಡಿಕೆ ಸುಲಿದವರ ಕೈ ಅದರಲ್ಲಿರುತ್ತೆ. ಅದಕ್ಕೇ ಚಹಾ ಬೇಡ ಅಂದದ್ದು.

ಬಾಗಲಕೋಟಿ ಮಂದಿ

ಮೇಷ್ಟ್ರ ಮಾತು ಖರೇ ಐತ್ರಿ.

ಹಿನ್ನೀರಿನ ಮೊಮ್ಮಗಳು

ಊರಿಗೆ ಹೋಗಿ ಬಂದೆ. ತಲೆ ತುಂಬಿಹೋಗಿದೆ, ಉದ್ದ ಬರೀತೀನಿ.

ಅಜ್ಜಿ ಮೊದಲು "ನಂಗೆಂತ ಚಿತ್ರ ಬರ್ತದೆ" ಅಂದರು. ಆಮೇಲೆ ಕೂತು ಬರೆದದ್ದು ಬಚ್ಚಲು! ಹಾಳೆಯ ನಟ್ಟನಡುವೆ ಹಂಡೆ ಒಲೆ, ಪಕ್ಕದಲ್ಲಿ ಸೌದೆ ಒಟ್ಟು, ಹಿತ್ತಲ ಬಾಗಿಲು, ಬಾವಿ, ಬಾವಿಯಿಂದ ಅಡುಗೆಮನೆಗೆ ನಡೆಯೋ ದಾರಿಗೆ ಒಂದೊಂದೇ ಚುಕ್ಕಿ. ಎಲ್ಲೆಲ್ಲಿ ಕಾಲು ಇಡ್ತಿದ್ದರೋ ಅಲ್ಲಿ ಚುಕ್ಕಿ. ಜಗಲಿ ಹಾಳೆಯಲ್ಲಿ ಇಲ್ಲವೇ ಇಲ್ಲ. ಕೇಳಿದ್ದಕ್ಕೆ "ಜಗಲಿ ಗಂಡಸರದ್ದು, ನಾವು ಅಲ್ಲಿ ಗುಡಿಸೋಕೆ ಮಾತ್ರ ಹೋಗ್ತಿದ್ದದ್ದು" ಅಂದರು. ಅಜ್ಜಿಯ ತಮ್ಮ ಇನ್ನೊಂದು ಹಾಳೆಯಲ್ಲಿ ಜಗಲಿ, ಮೆತ್ತು (ಅಟ್ಟ), ದಣಪೆ (ಬೇಲಿಯ ಬಾಗಿಲು), ದಣಪೆಯಿಂದಾಚೆ ಹೊಳೆಗೆ ಹೋಗೋ ದಾರಿ ಬರೆದರು. ಅವರ ನಕ್ಷೆಯಲ್ಲಿ ಬಚ್ಚಲು ಮೂಲೆಯ ಒಂದು ಚೌಕ ಅಷ್ಟೇ. ಇಬ್ಬರ ನಕ್ಷೆಯಲ್ಲಿ ಬಾವಿ ಬೇರೆ ಬೇರೆ ಕಡೆ ಇದೆ, ಅದಕ್ಕೆ ಇಬ್ಬರೂ ಊಟದ ಹೊತ್ತಿನವರೆಗೆ ವಾದ ಮಾಡಿದರು.

ಆಮೇಲೆ ಆಚೆ ದಡಕ್ಕೆ ಹೋದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ 2025ರ ಜುಲೈನಲ್ಲಿ ಆಗಿದೆಯಲ್ಲ, ಈಗ ಲಾಂಚಿಗೆ ಕಾಯೋ ಹಾಗಿಲ್ಲ. ಗೇಣಿ ಮಾಡ್ತಿದ್ದ ಮನೆಯ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ನಕ್ಷೆ ಹೊರಗಿನಿಂದ ಶುರು ಮಾಡಿದರು: ಗದ್ದೆ ಅಂಚು, ಕೊಟ್ಟಿಗೆ, ಅಂಗಳ. ಅಂಗಳದಲ್ಲಿ ಒಂದು ಸುತ್ತು ಹಾಕಿ "ಇಲ್ಲಿ ಭತ್ತ ಅಳೀತಿದ್ರು" ಅಂದರು. ಮನೆಯೊಳಗೆ ಒಂದೂ ಗೆರೆ ಇಲ್ಲ, ಅವರು ಒಳಗೆ ಹೋಗ್ತಾ ಇರಲಿಲ್ಲ. ತಮ್ಮ ಸೋಗೆ ಮನೆಯನ್ನು ಹಾಳೆಯ ಇನ್ನೊಂದು ತುದಿಯಲ್ಲಿ ಬರೆದರು, ಅಷ್ಟು ಸಣ್ಣ ಜಾಗದಲ್ಲಿ ಒಲೆ, ಒರಳು, ಹಸೆ ಗೋಡೆ, ಭೂಮಿ ಹುಣ್ಣಿಮೆ ಬುಟ್ಟಿ ತೂಗುಹಾಕೋ ಜಾಗ ಎಲ್ಲ ಇದೆ. ಈ ಹಾಳೆಯನ್ನು ಬಳಸೋಕೆ ಅವರ ಮಗನ ಎದುರೇ ಒಪ್ಪಿಗೆ ಕೇಳಿದೆ. ಒಪ್ಪಿದರು. "ಅಳೆಯೋ ಜಾಗ ಬಿಡಬೇಡ" ಅಂತ ಮಾತ್ರ ಹೇಳಿದರು.

ಇನ್ನೊಂದು. ಹೊಸನಗರದ ಮನೆಯ ಕಂಬಗಳನ್ನು ತೆಳು ಕಾಗದ ಇಟ್ಟು ಗ್ರಾಫೈಟ್‌ನಿಂದ ಉಜ್ಜಿದೆ. ಬಣ್ಣದ ಪದರಗಳ ಅಡಿಯಲ್ಲಿ ಕಣ್ಣಿಗೆ ಕಾಣದೇ ಇದ್ದದ್ದು ಕಾಗದದಲ್ಲಿ ಎದ್ದು ಬಂತು: ಪ್ರತಿ ಕಂಬದ ತಲೆಯ ಹತ್ತಿರ ಉಳಿಯಿಂದ ಕೊರೆದ ಕನ್ನಡ ಅಂಕಿ. ೧, ೨, ೩. ಕಂಬದಲ್ಲಿ ೪ ಇದ್ದರೆ ಅದರ ಮೇಲೆ ಕೂರೋ ತೊಲೆಯಲ್ಲೂ ೪. ಕಳಚೋವಾಗ ಆಚಾರಿ ಗುರುತು ಹಾಕಿದ್ದು, ಮತ್ತೆ ಕೂಡಿಸೋಕೆ. ಅಜ್ಜಿಯ ತಮ್ಮನಿಗೇ ಅದು ಗೊತ್ತಿರಲಿಲ್ಲ. ೭ ಎಲ್ಲೂ ಇಲ್ಲ. ೬ ಆದಮೇಲೆ ೮. ದಾರಿಯಲ್ಲಿ ಮುರೀತೋ, ಗಾಡಿ ಬಾಡಿಗೆಗೆ ಮಾರಿದರೋ, ಅಲ್ಲೇ ಉಳೀತೋ ಯಾರಿಗೂ ನೆನಪಿಲ್ಲ.

ಈಗ ನನ್ನ ಯೋಚನೆ ಬದಲಾಗಿದೆ. ಪ್ಲೈವುಡ್ ಬೇಡ. ಮೂರು ನಕ್ಷೆಗಳನ್ನು ದೊಡ್ಡದು ಮಾಡಿ ಮೂರು ಪಾರದರ್ಶಕ ಹಾಳೆಗಳಲ್ಲಿ ಒಂದರ ಹಿಂದೆ ಒಂದು ತೂಗುಹಾಕೋದು. ಮೂರನ್ನೂ ಒಟ್ಟಿಗೆ ನೋಡಿದರೆ ಬಾವಿಗಳು ಎರಡು ಕಡೆ ಕಾಣಲಿ, ಕೂಡಿಸೋಕೆ ಹೋಗಲ್ಲ. ಸುತ್ತ ಕಂಬಗಳ ಉಜ್ಜಿದ ಕಾಗದಗಳು ಪೂರ್ತಿ ಎತ್ತರಕ್ಕೆ, ಅಂಕಿಯ ಸಾಲಿನಲ್ಲಿ, ಏಳನೇ ಜಾಗ ಖಾಲಿ. ಲೆಕ್ಕದ ಪುಸ್ತಕದ ಪ್ರತಿಗಳಲ್ಲಿ ಕೂಲಿ, ಗೇಣಿ ಬರೆದ ಪುಟಗಳನ್ನೇ ಆರಿಸ್ತೀನಿ. ಮುತ್ತಜ್ಜಿಯ ಸೆರಗನ್ನು ಕತ್ತರಿಸಲ್ಲ.

ಪಾರದರ್ಶಕಕ್ಕೆ ಟ್ರೇಸಿಂಗ್ ಪೇಪರ್ ಆಗಬಹುದಾ?

ಚಿತ್ತಾರದ ಮನೆ

ಅಕ್ಕ, ಆ ಅಜ್ಜಿಯ ಒಪ್ಪಿಗೆ ಕೇಳಿದ್ದಕ್ಕೆ ಖುಷಿ ಆಯ್ತು. ಒಂದು ಬೇಡಿಕೆ. ಇದನ್ನು ಬೆಂಗಳೂರಿನ ಗ್ಯಾಲರಿಯಲ್ಲಿ ಮೊದಲು ತೋರಿಸಬೇಡಿ. ಅಲ್ಲಿನವರು "ಎಷ್ಟು ಚೆನ್ನಾಗಿದೆ" ಅಂದು ಹೋಗ್ತಾರೆ. ಹಿನ್ನೀರಿನ ಆಚೆ ದಡದ ತುಮರಿ ಕಡೆ ಯಾವುದಾದರೂ ಶಾಲೆಯ ಹಜಾರದಲ್ಲಿ ಹಾಕಿ. ಬಂದ ಹಿರಿಯರಿಗೆ ಖಾಲಿ ಹಾಳೆ, ಪೆನ್ಸಿಲು ಇಡಿ, ತಮ್ಮ ತಮ್ಮ ಮನೆ ಬರೆಯಲಿ. ನಮ್ಮಮ್ಮನನ್ನು ನಾನು ಕರ್ಕೊಂಡು ಬರ್ತೀನಿ, ಅವರಿಗೆ ಅವರ ಅಪ್ಪ ಹೇಳಿದ ಮನೆ ಬಾಯಿಪಾಠ ಇದೆ. ಸೋಗೆ ಮನೆಯ ಗೋಡೆಗೆ ಹಸೆ ಬೇಕಾದರೆ ನಮ್ಮ ಅತ್ತೆ ಅಲ್ಲೇ ಬರೀತಾರೆ, ಅವರ ಹೆಸರಲ್ಲಿ. ಕೂಲಿ ನೀವು ಕೊಡಿ.

ಹಿನ್ನೀರಿನ ಮೊಮ್ಮಗಳು

ಖಂಡಿತ. ಶಾಲೆಯವರ ಹತ್ತಿರ ಮಾತಾಡ್ತೀನಿ. ಬೇಸಿಗೆ ರಜೆಯಲ್ಲಿ ಆದರೆ ಹಜಾರ ಖಾಲಿ ಇರುತ್ತೆ, ನೀರೂ ಇಳಿದಿರುತ್ತೆ.

ಕಾಗದದ ಕೆಲಸ

ಟ್ರೇಸಿಂಗ್ ಪೇಪರ್ ಬೇಡ. ಹಿನ್ನೀರಿನ ತೇವಕ್ಕೆ ಎರಡೇ ದಿನದಲ್ಲಿ ಅಲೆಅಲೆಯಾಗಿ ಸುರುಟುತ್ತೆ, ಕೆಲವು ವರ್ಷಕ್ಕೆ ಹಪ್ಪಳದ ಹಾಗೆ ಮುರಿಯುತ್ತೆ. ತೆಳು ಹತ್ತಿ ಬಟ್ಟೆ ತಗೊಳ್ಳಿ, ಒಗೆದು ಅದರ ಗಂಜಿ ಪೂರ್ತಿ ತೆಗೆದು, ಮತ್ತೆ ನೀವೇ ತೆಳುವಾಗಿ ಪಿಷ್ಟ ಹಾಕಿ ಚೌಕಟ್ಟಿಗೆ ಎಳೆದು ಒಣಗಿಸಿ. ಗೆರೆ ನಿಲ್ಲುತ್ತೆ, ಬೆಳಕೂ ದಾಟುತ್ತೆ. ಮೂರು ಬಟ್ಟೆಗಳ ನಡುವೆ ಒಂದು ಗೇಣು ಅಳತೆಗಿಂತ ಹೆಚ್ಚು ಅಂತರ ಬೇಡ, ಹಿಂದಿನದು ಮಸುಕಾಗಿಬಿಡುತ್ತೆ. ಮೇಲೆ ಕೆಳಗೆ ತೆಳು ಬಿದಿರಿನ ಕೋಲು ಹಾಕಿದರೆ ಸುತ್ತಿ ಬಸ್ಸಿನಲ್ಲೂ ಒಯ್ಯಬಹುದು. ಉಜ್ಜಿದ ಕಾಗದಗಳಿಗೆ ಫಿಕ್ಸೆಟಿವ್ (ಗ್ರಾಫೈಟ್ ಉದುರದ ಹಾಗೆ ಹಿಡಿದಿಡೋ ಸ್ಪ್ರೇ) ಹೊಡೆಯೋ ಮುಂಚೆ ಒಂದು ತುಂಡಿನ ಮೇಲೆ ನೋಡಿ, ಕೆಲವು ಹಳದಿ ಆಗುತ್ತವೆ. ಆ ನೋಟಿಸಿನ ಮೂಲವನ್ನು ಯಾರಾದರೂ ನೋಡಬೇಕು ಅಂದರೆ ನಾನೇ ಸಾಗರಕ್ಕೆ ಬರ್ತೀನಿ, ಮಡಿಕೆಯ ಹರುಕನ್ನು ಅಲ್ಲೇ ಕೂತು ಸರಿ ಮಾಡಿಕೊಡ್ತೀನಿ.

ಬಾಗಲಕೋಟಿ ಮಂದಿ

ಅಕ್ಕಾರ, ಸಾಲಿ ಹಜಾರದಾಗ ಹಾಕೂ ತಾರೀಖು ತಿಳಸ್ರಿ. ಅವ್ವನ್ನ ಕರಕೊಂಡು ಬರತೀನಿ, ಕೌದಿ ಸುದ್ದ ತರ್ತೀವಿ. ನಿಮ್ಮ ಕಡೆಯವರು ಹಾಳಿ ಮ್ಯಾಲ ಬರೀಲಿ, ನಮ್ಮವ್ವ ಹಳೇ ಬಾಗಲಕೋಟಿ ಮನಿ ಬರದು ತೋರಸ್ತಾಳ. ಪಡಸಾಲಿ ಮ್ಯಾಲ ಬೆಳಕಿಂಡಿ ಎಲ್ಲಿತ್ತು ಅಂತ ನಮ್ಮ ಮನ್ಯಾಗೂ ಇನ್ನೂ ಜಗಳ ಐತಿ.